ಮಾರ್ಷ್‌ಮೆಲೋ: ಬೇರು ಹೋಯಿತು, ನೊರೆ ಉಳಿಯಿತು

ಪ್ರಶ್ನೆ: ಮಾರ್ಷ್‌ಮೆಲೋ ಒಂದು ಗಿಡದ ಬೇರಿನಿಂದ ಮಾಡುವ ಸಿಹಿ ಎಂದು ಒಂದು ಕಡೆ ಓದಿದೆ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇಲ್ಲದೆ ಅದು ಆಗುವುದೇ ಇಲ್ಲ ಎಂದು ಇನ್ನೊಂದು ಕಡೆ ಇತ್ತು. ಯಾವುದು ನಿಜ? ಮನೆಯಲ್ಲಿ ಅರ್ಧ ಜನ ಸಸ್ಯಾಹಾರಿಗಳಾದ್ದರಿಂದ ಜೆಲಾಟಿನ್ ಬದಲು ಅಗರ್ ಅಗರ್ ಹಾಕಿ ಮಾಡಿ ನೋಡಿದೆ. ಎಷ್ಟು ಕಡೆದರೂ ನೊರೆ ಏಳಲಿಲ್ಲ. ಕೊನೆಗೆ ಗಟ್ಟಿ ಜೆಲ್ಲಿಯಂಥದ್ದು ಕೈಗೆ ಬಂತು. ತಪ್ಪಿದ್ದೆಲ್ಲಿ? ಅಂಗಡಿಯ ಮಾರ್ಷ್‌ಮೆಲೋವನ್ನು ಹಾಗೇ ತಿನ್ನುವುದಲ್ಲದೆ ಅಡುಗೆಯಲ್ಲಿ ಯಾವುದಕ್ಕೆ ಬಳಸಬಹುದು? ಕುಕ್ಕಿಯ ಒಳಗಿಟ್ಟು ಬೇಯಿಸಿದರೆ ಅದು ಮಾಯವಾಗಿ ಬರೀ ಹಳ್ಳ ಉಳಿಯುತ್ತದೆ.

ಉತ್ತರ: ನೀವು ಓದಿದ್ದು ಎರಡರಲ್ಲೂ ನಿಜವಿದೆ, ಆದರೆ ಅವು ಒಂದೇ ಕಾಲದ ನಿಜಗಳಲ್ಲ; ಜೆಲಾಟಿನ್ ಇಲ್ಲದೆ ಆಗುವುದೇ ಇಲ್ಲ ಎಂಬುದು ಮಾತ್ರ ಸರಿಯಲ್ಲ. ನಡುವೆ ನಡೆದದ್ದೇನು ಎಂದು ತಿಳಿದುಕೊಂಡರೆ ನಿಮ್ಮ ಅಗರ್ ಅಗರ್ ಏಕೆ ಕೈಕೊಟ್ಟಿತು ಎಂಬುದಕ್ಕೂ ಉತ್ತರ ಸಿಗುತ್ತದೆ. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಆರಂಭಿಸುತ್ತೇನೆ.

ಮಾರ್ಷ್‌ಮೆಲೋ ಎಂಬುದು ಮೊದಲು ಗಿಡದ ಹೆಸರು. ಸಸ್ಯಶಾಸ್ತ್ರದಲ್ಲಿ ಅದು ಆಲ್ತಿಯಾ ಅಫಿಸಿನಾಲಿಸ್. ಯುರೋಪ್, ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದಲ್ಲಿ, ಮುಖ್ಯವಾಗಿ ಉಪ್ಪುನೀರು ನುಗ್ಗುವ ಜೌಗು ನೆಲದಲ್ಲಿ, ಆಳೆತ್ತರಕ್ಕೆ ಬೆಳೆಯುತ್ತದೆ. ಎಲೆಗಳು ಮಖಮಲ್ಲಿನಂತೆ ಮೃದು, ಹೂವು ತಿಳಿ ಗುಲಾಬಿ. ದಾಸವಾಳ, ಹತ್ತಿ, ಬೆಂಡೆ ಎಲ್ಲವೂ ಇದರ ಕುಟುಂಬದವೇ. ಬೆಂಡೆಕಾಯಿ ಹೆಚ್ಚುವಾಗ ಕೈಗೆ ಅಂಟುತ್ತದಲ್ಲ, ಅಂಥದೇ ಲೋಳೆ ಈ ಗಿಡದ ಬೇರಿನಲ್ಲಿ ಧಾರಾಳವಾಗಿದೆ. ಗಂಟಲು ಕೆರೆತ, ಒಣಕೆಮ್ಮು, ಹೊಟ್ಟೆಯುರಿ ಇವಕ್ಕೆ ಆ ಲೋಳೆಯನ್ನು ಕೊಡುವ ರೂಢಿ ಬಹಳ ಹಳೆಯದು. ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ತನ್ನ ಔಷಧಿಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಸುಮಾರು 800ರ ಹೊತ್ತಿಗೆ ಯುರೋಪಿನ ದೊರೆ ಚಾರ್ಲ್‌ಮೇನ್‌ನ ಕಾಲದಲ್ಲಿ ಹೊರಟ ಅರಸೊತ್ತಿಗೆಯ ಜಮೀನುಗಳ ನಿಯಮಾವಳಿಯಲ್ಲಿ, ತೋಟಗಳಲ್ಲಿ ಬೆಳೆಸಲೇಬೇಕಾದ ಗಿಡಗಳ ಪಟ್ಟಿಯಿದೆ. ಅದರಲ್ಲೂ ಇದಕ್ಕೆ ಜಾಗ ಸಿಕ್ಕಿದೆ.

ಪ್ರಾಚೀನ ಈಜಿಪ್ಟಿನಲ್ಲಿ ಈ ಬೇರಿನ ರಸಕ್ಕೆ ಜೇನು ಬೆರೆಸಿ ಸಿಹಿ ಮಾಡುತ್ತಿದ್ದರು, ಅದನ್ನು ಫೇರೋಗಳು ಮಾತ್ರ ತಿನ್ನಬಹುದಿತ್ತು ಎಂಬ ಮಾತನ್ನು ನೀವೂ ಓದಿರುತ್ತೀರಿ. ಪೊಟ್ಟಣಗಳ ಹಿಂಬದಿಗೆ ಹೇಳಿ ಮಾಡಿಸಿದಂಥ ಕಥೆ ಅದು. ಕಥೆಯಾಗಿ ಓದಿ ಮುಂದೆ ಹೋಗಿ; ಇತಿಹಾಸ ಎಂದು ಯಾರಿಗೂ ಹೇಳಬೇಡಿ.

ನಿಜವಾದ ತಿರುವು ಬಂದದ್ದು 19ನೆಯ ಶತಮಾನದ ಫ್ರಾನ್ಸಿನಲ್ಲಿ. ಅಲ್ಲಿ ಔಷಧಿ ಮಾರುವವರೂ ಮಿಠಾಯಿ ಮಾಡುವವರೂ ಗಂಟಲಿಗೆ ಹಿತವಾದ 'ಪಾತ್ ದ ಗಿಮೋವ್' ಎಂಬ ಮೆತ್ತನೆಯ ಮಿಠಾಯಿಯನ್ನು ತಯಾರಿಸುತ್ತಿದ್ದರು. ಬೇರಿನ ಸಾರ, ಸಕ್ಕರೆ ಮತ್ತು ಮೊಟ್ಟೆಯ ಬಿಳಿಭಾಗವನ್ನು ಸೇರಿಸಿ ಕೈಸೋಲುವವರೆಗೆ ಕಡೆಯುವುದು ಅದರ ವಿಧಾನ. ಬೇರಿನ ಕೆಲಸ ಮಾತ್ರ ತುಂಬ ರಗಳೆಯದು. ಅದನ್ನು ಅಗೆದು, ಸಿಪ್ಪೆ ತೆಗೆದು, ಒಣಗಿಸಿ, ನೆನೆಸಬೇಕು. ಬಿಸಿನೀರು ಹಾಕಿದರೆ ಲೋಳೆಯ ಜೊತೆಗೆ ಬೇರಿನ ಪಿಷ್ಟವೂ ಕರಗಿ ಗಂಜಿಯಾಗುವುದರಿಂದ ತಣ್ಣೀರಿನಲ್ಲೇ ಗಂಟೆಗಟ್ಟಲೆ ಇಡಬೇಕು. ಕಡೆದು ಮಾಡುವ ಮಿಠಾಯಿಯ ರುಚಿಗೆ ಜನ ಒಗ್ಗಿಕೊಂಡ ಮೇಲೆ, ಇಷ್ಟೆಲ್ಲ ಏಕೆ ಎಂದು ತಯಾರಕರಿಗೆ ಅನಿಸಿದ್ದು ಸಹಜವೇ. ಬೇರಿನ ಜಾಗಕ್ಕೆ ಅರಬ್ಬಿ ಗೋಂದು ಬಂತು, ಆಮೇಲೆ ಜೆಲಾಟಿನ್ ಬಂತು. ಬೇರು ಹೋಯಿತು, ಹೆಸರನ್ನು ಬಿಟ್ಟುಕೊಡಲು ಮಾತ್ರ ಯಾರಿಗೂ ಮನಸ್ಸಾಗಲಿಲ್ಲ. ಅಂಗಡಿಯಲ್ಲಿ ಇಂದು ಸಿಗುವ ಮಾರ್ಷ್‌ಮೆಲೋದಲ್ಲಿ ಆ ಗಿಡದ ಅಂಶ ಇರುವುದಿಲ್ಲ. ಹಾಗಾಗಿ ಗಂಟಲು ನೋವಿಗೆ ಮಾರ್ಷ್‌ಮೆಲೋ ತಿನ್ನಿ ಎಂಬ ಸಲಹೆಗೆ ಹೆಸರಿನ ಆಧಾರ ಬಿಟ್ಟರೆ ಬೇರೆ ಆಧಾರವಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ, ನಿಮ್ಮ ಎರಡನೆಯ ಪ್ರಶ್ನೆಗೆ ಅದೇ ಕೀಲಿ. ಮಾರ್ಷ್‌ಮೆಲೋ ಎಂದರೆ ನೊರೆ. ಸಕ್ಕರೆ ಪಾಕದಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಸೇರಿಸಿ, ಅವು ಒಡೆಯದಂತೆ ಹಿಡಿದಿಟ್ಟ ನೊರೆ. ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯೇ. ಈ ನೊರೆ ನಿಲ್ಲಲು ಎರಡು ಬೇರೆ ಬೇರೆ ಕೆಲಸಗಳು ಆಗಬೇಕು. ಮೊದಲನೆಯದು, ಕಡೆಯುವಾಗ ಗುಳ್ಳೆ ಹುಟ್ಟಬೇಕು ಮತ್ತು ಅದರ ಸುತ್ತ ತೆಳುವಾದ ಪೊರೆ ಕಟ್ಟಬೇಕು. ಎರಡನೆಯದು, ಗುಳ್ಳೆಗಳ ನಡುವಿನ ಪಾಕ ಹೆಪ್ಪುಗಟ್ಟಿ ಎಲ್ಲವನ್ನೂ ಇದ್ದಲ್ಲಿಯೇ ಹಿಡಿಯಬೇಕು. ಫ್ರೆಂಚರ ಹಳೆಯ ಪಾಕದಲ್ಲಿ ಮೊದಲ ಕೆಲಸ ಮೊಟ್ಟೆಯ ಬಿಳಿಭಾಗದ್ದಾಗಿತ್ತು, ಎರಡನೆಯದು ಬೇರಿನ ಲೋಳೆಯದೋ ಗೋಂದಿನದೋ ಆಗಿತ್ತು. ಜೆಲಾಟಿನ್ ಬಂದು ಎರಡನ್ನೂ ಒಬ್ಬಂಟಿಯಾಗಿ ಮಾಡತೊಡಗಿತು. ಅದು ಪ್ರೋಟೀನ್, ಗುಳ್ಳೆಯ ಸುತ್ತ ಪೊರೆ ಕಟ್ಟುತ್ತದೆ, ಆರಿದಾಗ ಜಾಲದಂತೆ ಹೆಣೆದುಕೊಂಡು ಪಾಕವನ್ನೂ ಹಿಡಿಯುತ್ತದೆ. ಅಷ್ಟಲ್ಲದೆ ಆ ಜಾಲ ಸುಮಾರು 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಅಂದರೆ ಬಾಯಿಯ ಬಿಸಿಗೇ, ಬಿಚ್ಚಿಕೊಳ್ಳುತ್ತದೆ. ಮಾರ್ಷ್‌ಮೆಲೋ ನಾಲಿಗೆಯ ಮೇಲೆ ಕರಗುವುದರ ಗುಟ್ಟು ಇದು.

ಅಗರ್ ಅಗರ್ ಕಡಲಪಾಚಿಯಿಂದ ಬರುವ ಪಿಷ್ಟದಂಥ ವಸ್ತು, ಪ್ರೋಟೀನ್ ಅಲ್ಲ. ಹೆಪ್ಪುಗಟ್ಟಿಸುವುದರಲ್ಲಿ ಅದು ಜೆಲಾಟಿನ್ನಿಗಿಂತ ಗಟ್ಟಿಗ, ಆದರೆ ನೊರೆ ಎಬ್ಬಿಸಲು ಬಾರದು. ನೀವು ಜೆಲಾಟಿನ್ ತೆಗೆದಾಗ ಇಬ್ಬರು ಆಳುಗಳ ಕೆಲಸ ನಿಂತಿತು. ಅಗರ್ ಹಾಕಿ ಒಬ್ಬನನ್ನು ಮಾತ್ರ ಕರೆದಿರಿ. ಗುಳ್ಳೆ ಹುಟ್ಟಿಸುವವನೇ ಇಲ್ಲದ ಮೇಲೆ ಎಷ್ಟು ಹೊತ್ತು ಕಡೆದರೇನು? ಇನ್ನೂ ಒಂದು ತೊಡಕಿದೆ. ಅಗರ್ 40 ಡಿಗ್ರಿಗೆ ಇಳಿಯುವಷ್ಟರಲ್ಲಿ ಹೆಪ್ಪುಗಟ್ಟಲು ಶುರು ಮಾಡುತ್ತದೆ. ನೊರೆ ಬರಲಿಲ್ಲವಲ್ಲ ಎಂದು ನೀವು ಆಮೇಲೂ ಕಡೆಯುತ್ತಾ ಹೋಗಿದ್ದರೆ, ಕಟ್ಟುತ್ತಿದ್ದ ಜೆಲ್ಲಿಯನ್ನು ಒಡೆಯುತ್ತಿದ್ದಿರಿ ಅಷ್ಟೇ.

ಪರಿಹಾರ ಸರಳ: ಹಳೆಯ ಕಾಲದ ಹಾಗೆ ಇಬ್ಬರನ್ನೂ ಕರೆಯಿರಿ. ಮೊಟ್ಟೆ ಆಗುವುದಾದರೆ ಅದರ ಬಿಳಿಭಾಗ. ರಷ್ಯಾದ ಜೆಫಿರ್ ಹೀಗೆಯೇ ಆಗುವುದು: ಸೇಬಿನ ತಿರುಳು ಮತ್ತು ಮೊಟ್ಟೆಯ ಬಿಳಿಭಾಗವನ್ನು ಕಡೆದು, ಅದಕ್ಕೆ ಅಗರ್ ಅಥವಾ ಪೆಕ್ಟಿನ್ (ಹಣ್ಣುಗಳಿಂದ ತೆಗೆದ, ಹೆಪ್ಪುಗಟ್ಟಿಸುವ ವಸ್ತು) ಇರುವ ಬಿಸಿ ಪಾಕ ಹೊಯ್ಯುತ್ತಾರೆ. ಮೊಟ್ಟೆಯೂ ಬೇಡವೆಂದರೆ ಕಾಬೂಲಿ ಕಡಲೆ ಬೇಯಿಸಿದ ಮಂದ ನೀರು. 2014ರಲ್ಲಿ ಜೋಯೆಲ್ ರೋಸೆಲ್ ಎಂಬ ಫ್ರೆಂಚ್ ಗಾಯಕ ಈ ನೀರನ್ನು ಕಡೆದರೆ ಮೊಟ್ಟೆಯ ಬಿಳಿಭಾಗದಂತೆ ಬೆಳ್ಳನೆಯ ನೊರೆ ಏಳುತ್ತದೆ ಎಂದು ತೋರಿಸಿದ ಮೇಲೆ ಮೊಟ್ಟೆ ತಿನ್ನದವರ ಮಿಠಾಯಿ ಜಗತ್ತೇ ಹಿಗ್ಗಿತು. ಈಗ ಅದಕ್ಕೆ ಅಕ್ವಾಫಾಬಾ ಎಂಬ ಹೆಸರಿದೆ. ಕಡಲೆಯ ವಾಸನೆ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಸಕ್ಕರೆ ಮತ್ತು ವೆನಿಲಾ ಬಿದ್ದ ಮೇಲೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ.

ಇದರಲ್ಲಿ ಕ್ರಮ ತಪ್ಪಬಾರದು. ಮೊದಲು ಅಗರ್ ಪುಡಿಯನ್ನು ಬರೀ ನೀರಿನಲ್ಲಿ ಚೆನ್ನಾಗಿ ಕುದಿಸಿ ಪೂರ್ತಿ ಕರಗಿಸಿ, ಆಮೇಲೆ ಸಕ್ಕರೆ ಹಾಕಿ. ಸಕ್ಕರೆ ಮೊದಲೇ ಬಿದ್ದರೆ ಅದು ನೀರನ್ನೆಲ್ಲ ತಾನೇ ಹಿಡಿದುಕೊಂಡು ಅಗರ್‌ಗೆ ಕರಗಲು ಬಿಡುವುದಿಲ್ಲ. ಪಾಕ ಸುಮಾರು 110 ಡಿಗ್ರಿಗೆ ಏರುವ ಹೊತ್ತಿಗೆ ಇನ್ನೊಂದು ಪಾತ್ರೆಯಲ್ಲಿ ಕಡಲೆನೀರಿನ ನೊರೆ ಕೋಡು ನಿಲ್ಲುವಷ್ಟು ಗಟ್ಟಿಯಾಗಿ ಸಿದ್ಧವಿರಬೇಕು. ಕಡೆಯುತ್ತಲೇ ಪಾಕವನ್ನು ಸಣ್ಣ ಧಾರೆಯಾಗಿ ಹೊಯ್ದು, ಮಿಶ್ರಣ ಇನ್ನೂ ಚೆನ್ನಾಗಿ ಬೆಚ್ಚಗಿರುವಾಗಲೇ ಅಚ್ಚಿಗೆ ಸುರಿದುಬಿಡಿ. ಇಲ್ಲಿ ನಿಧಾನ ಮಾಡುವವರು ಸೋಲುತ್ತಾರೆ. ಬರುವ ಮಾರ್ಷ್‌ಮೆಲೋ ರುಚಿಯಾಗಿರುತ್ತದೆ, ಆದರೆ ಜೆಲಾಟಿನ್ನಿನ ರಬ್ಬರಿನಂಥ ಎಳೆತ ಅದರಲ್ಲಿ ಇರುವುದಿಲ್ಲ. ಕಚ್ಚಿದರೆ ನೇರವಾಗಿ ತುಂಡಾಗುತ್ತದೆ. ಅಗರ್ ಕರಗಲು ಸುಮಾರು 85 ಡಿಗ್ರಿ ಬೇಕಾದ್ದರಿಂದ ಬಾಯಲ್ಲಿ ಕರಗಿ ಹರಿಯುವುದೂ ಇಲ್ಲ. ಅದನ್ನು ದೋಷವೆಂದು ನೋಡಬೇಡಿ, ಅದು ಬೇರೆಯೇ ಒಂದು ಮಿಠಾಯಿ. ಕೆಂಡದ ಮೇಲೆ ಸುಡುವ ಆಸೆಯಿದ್ದರೆ ಮಾತ್ರ, ಕ್ಯಾರಜೀನನ್ (ಇದೂ ಕಡಲಪಾಚಿಯಿಂದ ಬರುವ, ಹೆಪ್ಪುಗಟ್ಟಿಸುವ ವಸ್ತು) ಮತ್ತು ಸೋಯಾ ಪ್ರೋಟೀನ್ ಹಾಕಿ ಕಾರ್ಖಾನೆಯಲ್ಲಿ ತಯಾರಾದ ಸಸ್ಯಾಹಾರಿ ಮಾರ್ಷ್‌ಮೆಲೋ ಕೊಳ್ಳುವುದು ಜಾಣತನ. ಕೊಳ್ಳುವಾಗ ಪೊಟ್ಟಣದ ಮುಂಬದಿ ಬಿಡಿ, ಹಿಂದಿನ ಪದಾರ್ಥಗಳ ಸಾಲನ್ನು ಓದಿ. ಬರೀ ಜೆಲಾಟಿನ್ ಎಂದಿದ್ದರೆ ಅದು ಹಂದಿ ಅಥವಾ ದನದ ಚರ್ಮ, ಮೂಳೆಯಿಂದ ಬಂದದ್ದು ಎಂದೇ ತಿಳಿಯಬೇಕು. ಮೀನಿನದಾದರೆ ಸಾಮಾನ್ಯವಾಗಿ ಹಾಗೆಂದು ಬರೆದಿರುತ್ತಾರೆ.

ಮನೆಯ ಉಳಿದರ್ಧ ಜನರಿಗಾಗಿ ಜೆಲಾಟಿನ್ ಮಾರ್ಷ್‌ಮೆಲೋ ಮಾಡುವುದಾದರೆ ಅದು ಇದಕ್ಕಿಂತ ಸುಲಭ. ಸುಮಾರು 20 ಗ್ರಾಂ ಜೆಲಾಟಿನ್ ಪುಡಿಯನ್ನು 120 ಮಿಲಿಲೀಟರ್ ತಣ್ಣೀರಿನಲ್ಲಿ ನೆನೆಸಿಡಿ. 300 ಗ್ರಾಂ ಸಕ್ಕರೆ, ಹೆಚ್ಚುಕಡಿಮೆ ಅಷ್ಟೇ ತೂಕದ ಗ್ಲೂಕೋಸ್ ಸಿರಪ್ ಮತ್ತು 120 ಮಿಲಿಲೀಟರ್ ನೀರನ್ನು 115 ಡಿಗ್ರಿಯವರೆಗೆ ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಉಂಡೆಪಾಕ: ತಣ್ಣೀರಿಗೆ ಬಿಟ್ಟ ಹನಿ ಬೆರಳಿನಲ್ಲಿ ಮೆತ್ತನೆಯ ಉಂಡೆಯಾಗಬೇಕು. ಆ ಪಾಕವನ್ನು ನೆನೆದ ಜೆಲಾಟಿನ್ ಮೇಲೆ ಹೊಯ್ದು ಯಂತ್ರದಲ್ಲಿ ಹತ್ತು ಹನ್ನೆರಡು ನಿಮಿಷ ಕಡೆಯಿರಿ. ಬೆಳ್ಳಗಾಗಿ, ಎರಡು ಮೂರು ಪಟ್ಟು ಉಬ್ಬಿ, ಉಗುರುಬೆಚ್ಚಗಾದಾಗ ಎಣ್ಣೆ ಸವರಿದ ತಟ್ಟೆಗೆ ಹಾಕಿ ರಾತ್ರಿಯಿಡೀ ಬಿಡಿ. ಮರುದಿನ ಕತ್ತರಿಸಿ, ಕಾರ್ನ್‌ಫ್ಲೋರ್ ಮತ್ತು ಪುಡಿ ಸಕ್ಕರೆಯ ಮಿಶ್ರಣದಲ್ಲಿ ಹೊರಳಿಸಿ.

ಗ್ಲೂಕೋಸ್ ಸಿರಪ್ ಏಕೆ, ಪೂರ್ತಿ ಸಕ್ಕರೆಯೇ ಸಾಲದೇ ಎಂದು ಕೇಳಬಹುದು. ಸಕ್ಕರೆಯೊಂದೇ ಇದ್ದರೆ ಅದು ಕೆಲವೇ ದಿನಗಳಲ್ಲಿ ಹರಳುಗಟ್ಟಿ, ಮಾರ್ಷ್‌ಮೆಲೋ ಬಾಯಲ್ಲಿ ಮರಳಿನಂತೆ ಗರಗರ ಎನ್ನುತ್ತದೆ. ಸಿರಪ್ಪಿನ ಬೇರೆ ಬಗೆಯ ಸಕ್ಕರೆಗಳು ನಡುವೆ ನುಗ್ಗಿ ಆ ಹರಳು ಕಟ್ಟದಂತೆ ತಡೆಯುತ್ತವೆ. ಹಣ್ಣಿನ ರುಚಿ ಬೇಕೆಂದು ಹಸಿ ಅನಾನಸ್, ಪಪ್ಪಾಯಿ ಅಥವಾ ಕಿವಿ ಹಣ್ಣಿನ ರಸ ಮಾತ್ರ ಸೇರಿಸಬೇಡಿ. ಅವುಗಳಲ್ಲಿರುವ ಕಿಣ್ವಗಳು ಜೆಲಾಟಿನ್ನನ್ನು ಕತ್ತರಿಸಿಹಾಕುತ್ತವೆ, ನೊರೆ ನಿಲ್ಲುವುದಿಲ್ಲ. ರಸವನ್ನು ಮೊದಲೇ ಕುದಿಸಿಕೊಂಡರೆ ತೊಂದರೆಯಿಲ್ಲ.

ಕಾರ್ಖಾನೆಯ ಮಾರ್ಷ್‌ಮೆಲೋ ಬಗ್ಗೆ ಎರಡೇ ಮಾತು. 19ನೆಯ ಶತಮಾನದ ಕೊನೆಯಲ್ಲಿ ಕಾರ್ನ್‌ಫ್ಲೋರ್ ತುಂಬಿದ ತಟ್ಟೆಗಳಲ್ಲಿ ಗುಳಿ ಒತ್ತಿ, ಅದಕ್ಕೆ ಪಾಕ ಹೊಯ್ದು ಗಟ್ಟಿಯಾಗಲು ಬಿಡುವ ವಿಧಾನ ಬಂತು. 20ನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಅಲೆಕ್ಸ್ ಡೂಮಾಕ್, ನೊರೆಯನ್ನು ಕೊಳವೆಯ ಮೂಲಕ ಉದ್ದನೆಯ ಹಗ್ಗದಂತೆ ಹೊರದೂಡಿ ತುಂಡರಿಸುವ ಯಂತ್ರವಿಧಾನಕ್ಕೆ ಪೇಟೆಂಟ್ ಪಡೆದರು. ಇಂದು ನಮಗೆ ಪರಿಚಿತವಾದ ಸಿಲಿಂಡರ್ ಆಕಾರ ಆ ಕೊಳವೆಯ ಬಳುವಳಿ.

ಇನ್ನು ಅಡುಗೆಯ ಬಳಕೆ. ಅತ್ಯಂತ ಒಳ್ಳೆಯ ಬಳಕೆ ಅತ್ಯಂತ ಹಳೆಯದೇ: ಬೆಂಕಿಯ ಮೇಲೆ ಸುಡುವುದು. 1890ರ ದಶಕದಲ್ಲೇ ಅಮೆರಿಕದಲ್ಲಿ ಮಾರ್ಷ್‌ಮೆಲೋ ಸುಡುವ ಕೂಟಗಳು ಫ್ಯಾಷನ್ನಾಗಿದ್ದವು. 1927ರಲ್ಲಿ ಅಲ್ಲಿನ ಗರ್ಲ್ ಸ್ಕೌಟ್ಸ್ ಸಂಸ್ಥೆಯ ಕೈಪಿಡಿಯೊಂದು, ಸುಟ್ಟ ಮಾರ್ಷ್‌ಮೆಲೋ ಮತ್ತು ಚಾಕೊಲೇಟನ್ನು ಎರಡು ಗ್ರಹಾಂ ಬಿಸ್ಕತ್ತುಗಳ (ಇಡಿಗೋಧಿಯ ಬಿಸ್ಕತ್ತು) ನಡುವೆ ಒತ್ತುವ ವಿಧಾನ ಅಚ್ಚು ಮಾಡಿತು. ಸ್ಮೋರ್ಸ್ ಎಂದು ಜಗತ್ತು ಅದನ್ನೇ ಕರೆಯುವುದು. ಸುಡುವುದರಿಂದ ಬರೀ ಸಿಹಿಯಾಗಿದ್ದ ವಸ್ತುವಿಗೆ ಮೊದಲ ಬಾರಿಗೆ ರುಚಿ ಎಂಬುದು ಬರುತ್ತದೆ. ಸಿರಪ್ಪಿನ ಸಕ್ಕರೆ ಮತ್ತು ಜೆಲಾಟಿನ್ನಿನ ಪ್ರೋಟೀನ್ ಬಿಸಿಯಲ್ಲಿ ಸೇರಿ ಬ್ರೆಡ್ಡಿನ ಕಂದು ಅಂಚಿನಲ್ಲಿ ನಡೆಯುವಂಥದೇ ಮೈಯಾರ್ ಕ್ರಿಯೆ ಇಲ್ಲಿಯೂ ನಡೆಯುತ್ತದೆ, ಸಕ್ಕರೆಯೂ ಕ್ಯಾರಮೆಲ್ ಆಗುತ್ತದೆ. ಜ್ವಾಲೆಯಲ್ಲಿ ಹಿಡಿಯಬೇಡಿ, ಕೆಂಡದ ಪಕ್ಕದಲ್ಲಿ ಹಿಡಿದು ತಿರುಗಿಸುತ್ತಿರಿ. ಕರ್ರಗಾದದ್ದೇ ರುಚಿ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ, ಆದರೆ ಅವರ ಪಾಲನ್ನು ನಾನು ತಿನ್ನುವುದೂ ಇಲ್ಲ. ಮಕ್ಕಳಿದ್ದರೆ ಎಚ್ಚರ: ಹೊರಗೆ ಆರಿದಂತೆ ಕಂಡರೂ ಒಳಗೆ ಕುದಿಯುವ ಪಾಕವಿರುತ್ತದೆ. ತೀರ ಚಿಕ್ಕ ಮಕ್ಕಳಿಗೆ ಹಸಿ ಮಾರ್ಷ್‌ಮೆಲೋವನ್ನೂ ಇಡಿಯಾಗಿ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಎರಡನೆಯ ಒಳ್ಳೆಯ ಬಳಕೆ ಅಂಟಾಗಿ. 1939ರಲ್ಲಿ ಕೆಲಾಗ್ಸ್ ಕಂಪನಿಯ ಅಡುಗೆ ವಿಭಾಗದ ಮಿಲ್ಡ್ರೆಡ್ ಡೇ ಮತ್ತು ಮಲಿಟಾ ಜೆನ್ಸನ್ ಬೆಣ್ಣೆಯಲ್ಲಿ ಕರಗಿಸಿದ ಮಾರ್ಷ್‌ಮೆಲೋಗೆ ಉಬ್ಬಿದ ಅಕ್ಕಿಯ ಸೀರಿಯಲ್ ಕಲಸಿ, ಒತ್ತಿ, ಚೌಕವಾಗಿ ಕತ್ತರಿಸಿದರು. 45 ಗ್ರಾಂ ಬೆಣ್ಣೆ, 280 ಗ್ರಾಂ ಮಾರ್ಷ್‌ಮೆಲೋ, ಆರು ಕಪ್ ಸೀರಿಯಲ್ ಎಂಬ ಅಳತೆ ಈಗಲೂ ನಡೆಯುತ್ತದೆ. ಇದು ಕಲ್ಲಿನಂತಾಯಿತು ಎಂದು ದೂರುವವರೆಲ್ಲ ಉರಿ ಜೋರು ಮಾಡಿದವರೇ. ಹೆಚ್ಚು ಬಿಸಿಗೆ ನೀರು ಆವಿಯಾಗಿ ಪಾಕ ಏರುತ್ತದೆ, ಏರಿದ ಪಾಕ ಆರಿದಾಗ ಗಟ್ಟಿಯಾಗುತ್ತದೆ. ಸಣ್ಣ ಉರಿಯಲ್ಲಿ ಕರಗಿಸಿ, ಒತ್ತುವಾಗಲೂ ಕೈ ಹಗುರವಿರಲಿ.

ಮೂರನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಜೆಲಾಟಿನ್ ಮಾರ್ಷ್‌ಮೆಲೋದಲ್ಲಿ ಹೆಪ್ಪುಗಟ್ಟಿಸುವ ವಸ್ತು ಮೊದಲೇ ಇದೆಯಲ್ಲ, ಅದನ್ನೇ ದುಡಿಸಿಕೊಳ್ಳಬಹುದು. ಮಾರ್ಷ್‌ಮೆಲೋ ಮತ್ತು ಚಾಕೊಲೇಟನ್ನು ಸ್ವಲ್ಪ ನೀರಿನಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಆರಿಸಿ, ಕಡೆದ ಕ್ರೀಮ್ ಜೊತೆ ಬೆರೆಸಿ ಫ್ರಿಜ್ಜಿನಲ್ಲಿಟ್ಟರೆ ಮೊಟ್ಟೆಯಿಲ್ಲದೆಯೇ ಮೂಸ್ ಎಂಬ ನೊರೆಯಂಥ ಸಿಹಿ ಸಿದ್ಧ. ಸಕ್ಕರೆ ಬೇರೆ ಹಾಕಬೇಕಿಲ್ಲ. ಚಾಕೊಲೇಟ್ ಕಹಿಯಿದ್ದಷ್ಟೂ ಒಳ್ಳೆಯದು. ಕೇಕಿನ ಮೇಲೆ ಹಾಸುವ ಫಾಂಡಂಟ್ ಕೂಡ ಹೀಗೆಯೇ: ಕರಗಿಸಿದ ಮಾರ್ಷ್‌ಮೆಲೋಗೆ ಪುಡಿ ಸಕ್ಕರೆ ಸೇರಿಸುತ್ತಾ ಹಿಟ್ಟಿನ ಹದಕ್ಕೆ ನಾದಿದರೆ ಆಯಿತು. ಬಿಸಿ ಕೋಕೋ ಮೇಲೆ ತೇಲಿಬಿಟ್ಟ ಮಾರ್ಷ್‌ಮೆಲೋ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ, ಅದು ಮುಚ್ಚಳದಂತೆ ಕೂತು ಬಿಸಿಯನ್ನೂ ಕಾಯುತ್ತದೆ ಎಂಬುದನ್ನು ಬಿಟ್ಟರೆ.

ಗೆಣಸಿನ ಮೇಲೆ ಮಾರ್ಷ್‌ಮೆಲೋ ಹಾಸಿ ಓವನ್ನಿನಲ್ಲಿ ಕಂದಾಗಿಸುವ ಅಮೆರಿಕದ ಹಬ್ಬದ ಖಾದ್ಯ ಎಲ್ಲಿಂದ ಬಂತು ಎಂದು ಅಚ್ಚರಿಪಡುವವರಿಗೆ ಉತ್ತರ ಜಾಹೀರಾತಿನಲ್ಲಿದೆ. 1917ರಲ್ಲಿ ಏಂಜೆಲಸ್ ಮಾರ್ಷ್‌ಮೆಲೋ ತಯಾರಕರು, ಮಿಠಾಯಿಯಾಗಿ ಮಾರಾಟವಾಗುವುದನ್ನು ಅಡುಗೆಯ ಪದಾರ್ಥವಾಗಿಯೂ ಮಾರಬೇಕೆಂದು, ಪಾಕತಜ್ಞೆ ಜ್ಯಾನೆಟ್ ಮೆಕೆನ್ಜಿ ಹಿಲ್ ಅವರಿಂದ ಒಂದು ಪುಸ್ತಿಕೆ ಬರೆಸಿದರು. ಈ ಖಾದ್ಯ ಅದರಲ್ಲಿತ್ತು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಸಾಮರ್‌ವಿಲ್‌ನಲ್ಲಿ ಆರ್ಚಿಬಾಲ್ಡ್ ಕ್ವೆರಿ ಎಂಬವರು ಬ್ರೆಡ್ಡಿಗೆ ಹಚ್ಚುವಷ್ಟು ಮೆತ್ತನೆಯ ಮಾರ್ಷ್‌ಮೆಲೋ ಕ್ರೀಮ್ ತಯಾರಿಸಿದರು. ಅದು ಮುಂದೆ ಫ್ಲಫ್ ಆಯಿತು. ಅದರಲ್ಲಿ ಜೆಲಾಟಿನ್ ಇಲ್ಲ, ಮೊಟ್ಟೆಯ ಬಿಳಿಭಾಗವಿದೆ. ಹೆಪ್ಪುಗಟ್ಟಿಸುವವನಿಲ್ಲದ್ದರಿಂದಲೇ ಅದು ತುಂಡಾಗದೆ ಎಳೆಯೆಳೆಯಾಗಿ ಸುರಿಯುತ್ತದೆ. ನಿಮ್ಮ ಅಗರ್ ಪ್ರಯೋಗದ ತದ್ವಿರುದ್ಧ ಎನ್ನಬಹುದು.

ಕೊನೆಗೆ ಕುಕ್ಕಿಯ ಹಳ್ಳ. ಓವನ್ ಬಿಸಿಗೆ ಒಳಗಿನ ಗಾಳಿ ಹಿಗ್ಗಿ, ನೀರು ಆವಿಯಾಗಿ ಮಾರ್ಷ್‌ಮೆಲೋ ಮೊದಲು ಬಲೂನಿನಂತೆ ಉಬ್ಬುತ್ತದೆ. ಅಷ್ಟರಲ್ಲಿ ಜೆಲಾಟಿನ್ ಕರಗಿ ನೀರಾಗಿರುವುದರಿಂದ ಪೊರೆಗಳು ಒಡೆದು ಗಾಳಿ ಹೊರಟುಹೋಗುತ್ತದೆ. ಉಳಿಯುವ ಚಮಚೆಯಷ್ಟು ಪಾಕವನ್ನು ಸುತ್ತಲಿನ ಹಿಟ್ಟು ಹೀರುತ್ತದೆ. ಗಾತ್ರದ ಅರ್ಧಕ್ಕಿಂತ ಹೆಚ್ಚು ಗಾಳಿಯೇ ಇದ್ದ ಮೇಲೆ ಉಳಿಯುವುದು ಹಳ್ಳವೇ. ಪೂರ್ತಿ ತಡೆಯಲು ಆಗುವುದಿಲ್ಲ, ತಡಮಾಡಬಹುದು: ಮಾರ್ಷ್‌ಮೆಲೋವನ್ನು ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ, ಸುತ್ತಲೂ ಬಿರುಕಿಲ್ಲದಂತೆ ಹಿಟ್ಟಿನಿಂದ ಮುಚ್ಚಿ, ಕುಕ್ಕಿಯನ್ನು ಚಿಕ್ಕದಾಗಿಟ್ಟು ಬೇಗ ಬೇಯಿಸಿ. ಇದಕ್ಕಿಂತ ಸಲೀಸಾದದ್ದು, ಕುಕ್ಕಿ ಬೇಯಲು ಇನ್ನೆರಡು ನಿಮಿಷ ಇರುವಾಗ ಓವನ್ ತೆರೆದು, ಅರ್ಧ ಕತ್ತರಿಸಿದ ಮಾರ್ಷ್‌ಮೆಲೋವನ್ನು ಮೇಲೆ ಒತ್ತಿ ಮತ್ತೆ ಒಳಗಿಡುವುದು. ಕತ್ತರಿಸುವ ಕತ್ತರಿಗೆ ಸ್ವಲ್ಪ ಎಣ್ಣೆ ಸವರಿಕೊಳ್ಳಿ.